ಕೊಳ್ಳುವವ ಒಬ್ಬನೇ ಆದರೆ ದರ ಯಾರ ಕೈಯಾಗ?



ಹತ್ತಿಗೆ ದರ ಇಲ್ಲ, ಭತ್ತಕ್ಕೆ ನೀರಿಲ್ಲ, ವೈನಿನ ದ್ರಾಕ್ಷಿ ಹಚ್ಚಿ ಸಾಲ ಹರಕೊಳ್ಳೋಣ ಎಂಬ ಮಾತು ನಮ್ಮ ಪಾಮನಕಲ್ಲೂರಿನ ಕಟ್ಟೆಯ ಮೇಲೂ ಕೇಳಿಬರುತ್ತದೆ. ಸರ್ಕಾರವೂ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು ವೈನ್ ಮಂಡಳಿ ಕಟ್ಟಿತು. ಕುಡಿತ ಸರಿಯೋ ತಪ್ಪೋ, ಅದು ಬ್ಯಾರೆ ಮಾತು. ನಾನು ಕೇಳುವುದು ದರದ ಲೆಕ್ಕ.

ವಿಜಯಪುರದವರು ಬೆಳೆಯುವ ಥಾಮ್ಸನ್ ದ್ರಾಕ್ಷಿಗೆ ದರ ಬಿದ್ದರೆ ಶೆಡ್ಡಿನಾಗ ಒಣಗಿಸಿ ಒಣದ್ರಾಕ್ಷಿ ಮಾಡ್ತಾರೆ, ದರ ಬರೋತನಕ ಕಾಯ್ತಾರೆ. ಕ್ಯಾಬರ್ನೆ, ಶಿರಾಜ್ ಎಂಬ ವೈನಿನ ತಳಿ ಹಾಗಲ್ಲ. ಹಣ್ಣು ಸಣ್ಣದು, ಒಳಗೆ ಬೀಜ, ಸಿಪ್ಪೆ ದಪ್ಪ. ಸಂತೆಗೆ ಒಯ್ದರೆ ಕೇಳುವವರಿಲ್ಲ, ಕಾರ್ಖಾನೆಯವನೇ ಗತಿ. ನಾಸಿಕದಾಗ ಇದೇ ಆಯಿತು. ಮಹಾರಾಷ್ಟ್ರದ 2001ರ ನೀತಿ ನಂಬಿ ಹಚ್ಚಿದರು. 2008ರ ಆರ್ಥಿಕ ಕುಸಿತದ ನಂತರ ವೈನ್ ಮಾರಾಟ ಇಳಿದು ಎಷ್ಟೋ ಕಾರ್ಖಾನೆಗಳು ಖರೀದಿ ನಿಲ್ಲಿಸಿದವು, ರೈತರು ಬಳ್ಳಿ ಕಿತ್ತು ಹಾಕಿದರು. ಕಂಬ, ತಂತಿ, ಪೈಪಿಗೆ ಮಾಡಿದ ಸಾಲವನ್ನು ಹಾಗೆ ಕಿತ್ತು ಹಾಕಲು ಬರುತ್ತದೇನ್ರಿ?

"ಫ್ರಾನ್ಸ್ ದೇಶ ನೋಡ್ರಿ" ಅಂತಾರೆ. ನೋಡೋಣ. ಅಲ್ಲಿಯ ದಕ್ಷಿಣದ ಲಾಂಗ್ದೋಕ್ ಸೀಮೆಯಲ್ಲಿ 1900ರ ನಂತರ ವೈನಿನ ದರ ನೆಲ ಕಚ್ಚಿತು. ಬೆಳೆ ಹೆಚ್ಚಾದದ್ದು ಖರೆ, ಆದರೆ ಸಕ್ಕರೆ ನೀರು ಬೆರೆಸಿದ ಕಳ್ಳ ವೈನು ಬೆಳೆಗಾರರ ಹೊಟ್ಟೆ ಉರಿಸಿತು. 1907ರ ಮಾರ್ಚ್ 11ರಂದು ಅರ್ಜೆಲಿಯೆ ಎಂಬ ಹಳ್ಳಿಯಿಂದ ಮಾರ್ಸೆಲಾಂ ಆಲ್ಬೇರ್ ಎಂಬವನ ಜೊತೆ 87 ಮಂದಿ ಹೊರಟರು. ಜೂನ್ 9ರಂದು ಮೊಂಪೆಲಿಯೆ ಪಟ್ಟಣದಲ್ಲಿ ನೆರೆದವರು ಲಕ್ಷಗಟ್ಟಲೆ! ನಾರ್ಬೋನ್ ಊರಿನಾಗ ಸೈನ್ಯ ಗುಂಡು ಹಾರಿಸಿತು, ಹೆಣ ಬಿದ್ದವು. ಆ ಸೀಮೆಯ ಹುಡುಗರೇ ತುಂಬಿದ್ದ 17ನೇ ಪಡೆ ದಂಗೆ ಎದ್ದಿತು. ಜೂನ್ 29ಕ್ಕೆ ಕಲಬೆರಕೆ ತಡೆಯುವ ಕಾನೂನು ಬಂತು. 5ಎ ಕಾಲುವೆಗಾಗಿ 2020ರಲ್ಲಿ ನಮ್ಮೂರಾಗ ಧರಣಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗಲೂ ಅಲ್ಲಿ ಎಲ್ಲ ಸುಖವಿಲ್ಲ. 2023ರಲ್ಲಿ ಬೋರ್ಡೋ ಸೀಮೆಯಲ್ಲಿ ಬಳ್ಳಿ ಕೀಳುವವರಿಗೆ ಹೆಕ್ಟೇರಿಗೆ 6,000 ಯೂರೋ ಕೊಡುವ ಯೋಜನೆ ಬಂತು. ನಮಗೆ ಕಿತ್ತದ್ದಕ್ಕೆ ಯಾರು ಕೊಡ್ತಾರೆ?

ಹಚ್ಚಲೇಬ್ಯಾಡ್ರಿ ಅನ್ನುವುದಿಲ್ಲ. 1901ರಲ್ಲೇ ಮರೋಸಾಂ ಹಳ್ಳಿಯ ಸಣ್ಣ ಬೆಳೆಗಾರರು ಸಂಘ ಕಟ್ಟಿ, ತಮ್ಮ ವೈನನ್ನು ನೇರವಾಗಿ ಪ್ಯಾರಿಸಿನ ಗ್ರಾಹಕರ ಸಹಕಾರ ಸಂಘಗಳಿಗೆ ಮಾರಿದರು. ನೀವೂ ಒಬ್ಬೊಬ್ಬರೇ ಕಾರ್ಖಾನೆ ಬಾಗಿಲಿಗೆ ಹೋಗದೆ ಹತ್ತು ಮಂದಿ ಕೂಡಿ ಹೋಗ್ರಿ. ಕಿಲೋಕ್ಕೆ ಎಷ್ಟು, ಎಷ್ಟು ವರ್ಷ ಕೊಳ್ತೀರಿ, ಕೊಳ್ಳದಿದ್ದರೆ ಬ್ಯಾಂಕಿನ ಕಂತು ಯಾರು ಕಟ್ಟಬೇಕು ಎಂದು ಕೇಳ್ರಿ. ಮೂರನ್ನೂ ಛಾಪಾ ಕಾಗದದ ಮೇಲೆ ಬರೆಸಿಕೊಂಡ ಮೇಲೇ ಸಸಿ ತರ್ರಿ.