ಕೀಲಿ ಕೊಡುವ ಮುನ್ನ

ಹದಿನಾರರ ಮಗ ಅಪ್ಪನ ಬೈಕಿನಲ್ಲಿ ಅತಿವೇಗಕ್ಕೆ ಸಿಕ್ಕಿಬಿದ್ದರೆ ದಂಡ ಕಟ್ಟಿ ರಸೀದಿ ಪಡೆದಲ್ಲಿಗೆ ಮುಗಿಯಿತು ಎಂದು ಅನೇಕರು ತಿಳಿದಿದ್ದಾರೆ. ಮುಗಿಯುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರು ಅಥವಾ ಮಾಲೀಕರೇ ತಪ್ಪಿತಸ್ಥರು. 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ತಮಗೆ ಗೊತ್ತಿಲ್ಲದೆ ನಡೆಯಿತೆಂದು ಸಾಬೀತುಪಡಿಸುವ ಹೊಣೆಯೂ ಅವರದೇ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಬಸ್ಸಿಗೇ ಕಾಯಬೇಕು. ಕಾನೂನು ಕಠಿಣವೆನಿಸಬಹುದು. ಆದರೆ ರಸ್ತೆ ದಾಟುವವರ ಜೀವ ಮಕ್ಕಳ ಹಟಕ್ಕಿಂತ ದೊಡ್ಡದು. ಪೋಷಕರೇ, ವಯಸ್ಸು ತುಂಬಿ ಲೈಸೆನ್ಸ್ ಸಿಗುವತನಕ ಕೀಲಿ ನಿಮ್ಮ ಬಳಿಯೇ ಇರಲಿ.