ಬಟ್ಟೆಯಲ್ಲಿ ಚಿತ್ರ ಬರೆದ ಭಾನು ಅಥೈಯಾ



ಮನೆಯಲ್ಲಿ ಮಗಳು ನೋಟ್‌ಬುಕ್ಕಿನ ಅಂಚಿನಲ್ಲಿ ಲಂಗ, ರವಿಕೆಗಳ ಚಿತ್ರ ಬರೆಯುತ್ತಾ ಕುಳಿತರೆ ನಾವು ಏನೆನ್ನುತ್ತೇವೆ? "ಟೈಲರ್ ಆಗೋಕೆ ಇಷ್ಟೊಂದು ಫೀಸು ಕಟ್ಟಬೇಕೇನೇ?" ಎನ್ನುವ ತಾಯಂದಿರೇ ನಮ್ಮಲ್ಲಿ ಹೆಚ್ಚು. ಅಂಥವರಿಗಾಗಿಯೇ ಈ ತಿಂಗಳು ಭಾನು ಅಥೈಯಾ ಅವರ ವಿಚಾರ.

ಅವರು ಹುಟ್ಟಿದ್ದು 1929ರಲ್ಲಿ, ನಮ್ಮ ಬೆಳಗಾವಿಗೆ ನೆರೆಯ ಕೊಲ್ಹಾಪುರದಲ್ಲಿ. ತಂದೆ ಅಣ್ಣಾಸಾಹೇಬ ರಾಜೋಪಾಧ್ಯೆ ಚಿತ್ರಕಾರರು. ಮಗಳು ಚಿಕ್ಕವಳಿದ್ದಾಗಲೇ ಅವರು ತೀರಿಕೊಂಡರು. ಆದರೆ ಮಗಳ ಕೈಯಲ್ಲಿ ಕುಂಚ ಉಳಿಯಿತು. ಮುಂಬಯಿಗೆ ಬಂದು ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಚಿನ್ನದ ಪದಕ ಪಡೆದರು. ಮಹಿಳಾ ಪತ್ರಿಕೆಗೆ ಉಡುಪುಗಳ ಚಿತ್ರ ಬರೆಯುತ್ತಿದ್ದವರು, ಅವನ್ನು ಹೊಲಿಸಿಕೊಡುವ ಕೆಲಸಕ್ಕೂ ಇಳಿದರು. ನಟಿಯರು ಅದನ್ನು ಮೆಚ್ಚಿ ಹುಡುಕಿಕೊಂಡು ಬಂದರು. 1956ರ 'ಸಿ.ಐ.ಡಿ.'ಯ ಹೊತ್ತಿಗೆ ಸಿನಿಮಾವೇ ಅವರ ಕ್ಷೇತ್ರವಾಯಿತು.

ಅವರ ಸ್ಫೂರ್ತಿ ಪ್ಯಾರಿಸ್ಸಿನಿಂದ ಬಂದದ್ದಲ್ಲ ಎಂಬುದನ್ನು ನಾವು ಗಮನಿಸಬೇಕು. 1966ರ 'ಆಮ್ರಪಾಲಿ'ಗಾಗಿ ಅವರು ಅಜಂತಾ ಗುಹೆಗಳ ಮುಂದೆ ಹೋಗಿ ನಿಂತರು. ಭಿತ್ತಿಚಿತ್ರಗಳಲ್ಲಿ ಹೆಂಗಸರು ಬಟ್ಟೆ ಸುತ್ತಿಕೊಂಡ ರೀತಿ, ಒಡವೆ, ತುರುಬು ಎಲ್ಲವನ್ನೂ ಅಭ್ಯಾಸ ಮಾಡಿದರು. ವೈಜಯಂತಿಮಾಲಾ ಅವರ ಆ ವೇಷವನ್ನು ಇಂದಿಗೂ ಶಾಲೆಯ ಫ್ಯಾನ್ಸಿ ಡ್ರೆಸ್ಸಿನಲ್ಲಿ ನೀವು ನೋಡಿರುತ್ತೀರಿ. 1968ರ 'ಬ್ರಹ್ಮಚಾರಿ'ಯಲ್ಲಿ ಮುಮ್ತಾಜ್ ಕುಣಿಯುವಾಗ ಜಾರದಂತೆ ಹೊಲಿದ ಕಿತ್ತಳೆ ಬಣ್ಣದ ಸೀರೆಯೂ ಇವರದೇ. ಸೆರಗು ಸಿಕ್ಕಿಸಿಕೊಂಡು ದುಡಿಯುವ ನಮಗೆ ಆ ಜಾಣತನ ತಕ್ಷಣ ಅರ್ಥವಾಗುತ್ತದೆ!

ಬಳಿಕ ಬಂದದ್ದು 1982ರ 'ಗಾಂಧಿ'. ಬ್ಯಾರಿಸ್ಟರರ ಸೂಟಿನಿಂದ ತುಂಡು ಪಂಚೆಯವರೆಗೆ ಒಬ್ಬ ಮನುಷ್ಯನ ಬದುಕನ್ನು ಬಟ್ಟೆಯಲ್ಲೇ ಹೇಳಬೇಕಿತ್ತು. ಜತೆಗೆ ಸಾವಿರಾರು ಜನರ ಗುಂಪು. ಯಾವ ಪ್ರಾಂತದವನು ಪೇಟ ಹೇಗೆ ಸುತ್ತುತ್ತಾನೆ, ಖಾದಿ ಒಗೆದೊಗೆದು ಹೇಗೆ ಮಾಸುತ್ತದೆ ಎಂಬುದನ್ನು ಕಣ್ಣಾರೆ ಕಂಡವರಿಗೆ ಮಾತ್ರ ಸಾಧ್ಯವಾಗುವ ಕೆಲಸವದು. 1983ರಲ್ಲಿ ಜಾನ್ ಮೊಲ್ಲೊ ಅವರೊಂದಿಗೆ ಆಸ್ಕರ್ ಹಂಚಿಕೊಂಡು, ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿದರು. 'ಲೇಕಿನ್' ಮತ್ತು 'ಲಗಾನ್' ಚಿತ್ರಗಳಿಗೆ ರಾಷ್ಟ್ರಪ್ರಶಸ್ತಿಯೂ ಬಂತು.

ಆದರೆ ನನ್ನ ಮನಸ್ಸನ್ನು ಕಲಕಿದ್ದು 2012ರ ಸಂಗತಿ. ತಮ್ಮ ಕಾಲಾನಂತರ ಆ ಪ್ರತಿಮೆಯನ್ನು ಇಲ್ಲಿ ಯಾರು ಜೋಪಾನ ಮಾಡುತ್ತಾರೆಂಬ ಚಿಂತೆಯಿಂದ ಅವರು ಅದನ್ನು ಅಮೆರಿಕದ ಅಕಾಡೆಮಿಗೇ ಹಿಂದಿರುಗಿಸಿದರು. ಶಾಂತಿನಿಕೇತನದಿಂದ 2004ರಲ್ಲಿ ರವೀಂದ್ರರ ನೊಬೆಲ್ ಪದಕವೇ ಕಳವಾದ ದೇಶ ನಮ್ಮದು. ಅವರ ಚಿಂತೆ ಅತಿಯಾದದ್ದೆಂದು ಹೇಗೆ ಹೇಳೋಣ? 2020ರ ಅಕ್ಟೋಬರಿನಲ್ಲಿ ಅವರು ಮುಂಬಯಿಯಲ್ಲಿ ತೀರಿಕೊಂಡರು.

ವಸ್ತುಸಂಗ್ರಹಾಲಯದ ಮಾತು ದೊಡ್ಡವರಿಗಿರಲಿ. ನಮ್ಮ ನಮ್ಮ ಟ್ರಂಕಿನಲ್ಲಿ ಏನಿದೆ? ಅಜ್ಜಿಯ ಇಳಕಲ್ ಸೀರೆ, ಅತ್ತೆ ಕಸೂತಿ ಹಾಕಿದ ಕುಪ್ಪಸ, ಮಗುವಿನ ಕುಲಾವಿ. ಊರು ಬಿಟ್ಟು ಬಂದ ನಮಗೆ ಅವೇ ಅಜಂತಾ. ಸ್ಟೀಲ್ ಪಾತ್ರೆಗೆ ಬದಲು ಕೊಟ್ಟುಬಿಡುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಯಾರು ಉಟ್ಟದ್ದು, ಯಾವ ಊರಿನದು, ಯಾವ ಸಂದರ್ಭದ್ದು ಎಂದು ಒಂದು ಚೀಟಿಯಲ್ಲಿ ಬರೆದು ಮಡಿಕೆಯೊಳಗಿಡಿ. ಚೀಟಿಯನ್ನು ಕನ್ನಡದಲ್ಲೇ ಬರೆದು, ಮಕ್ಕಳ ಕೈಯಲ್ಲಿ ಓದಿಸಿ.

ಇನ್ನು, ಅಂಚಿನಲ್ಲಿ ಚಿತ್ರ ಬರೆಯುವ ಆ ಹುಡುಗಿಗೆ ಒಂದು ಒಳ್ಳೆಯ ಡ್ರಾಯಿಂಗ್ ಪುಸ್ತಕ ತಂದುಕೊಡುವಿರಲ್ಲವೇ?