ಸುಟ್ಟ ಮೋಟರೂ ಸುಡದ ಕಾರಣವೂ

ಶೀತದೇಶಗಳ ಮನೆಗಳಲ್ಲಿ ನೆಲಮಾಳಿಗೆಯ ಕುಲುಮೆಯೊಂದು ಬಿಸಿಗಾಳಿಯನ್ನು ಕೊಠಡಿ ಕೊಠಡಿಗೂ ಊದಿ ಮನುಷ್ಯರನ್ನು ಬೆಚ್ಚಗಿಡುತ್ತದೆಂದು ಕೇಳಿದ್ದೇವೆ. ನಮ್ಮ ವಯನಾಡಿನಲ್ಲಾದರೋ, ಧನುರ್ಮಾಸದ ಮಂಜು ಎಷ್ಟೇ ಕೊರೆಯಲಿ, ಮನುಷ್ಯನಿಗೆ ಕಂಬಳಿಯೇ ಗತಿ, ಬಿಸಿಗಾಳಿಯ ಭಾಗ್ಯವೇನಿದ್ದರೂ ಕಾಫಿಗೆ. ಕಣದಲ್ಲಿ ಹರವಿದ ರೊಬಸ್ಟಾ ಹಣ್ಣು ಹಿಂದೆ ಎರಡು ವಾರದ ಬಿಸಿಲಿಗೆ ತಾನಾಗಿಯೇ ಒಣಗುತ್ತಿತ್ತು. ಕೊಯ್ಲಿನ ನಡುವೆಯೇ ಅಕಾಲವೃಷ್ಟಿಯ ಭಯ ಹತ್ತಿಕೊಂಡಮೇಲೆ, ಸೌದೆಯ ಒಲೆಯೂ ಬ್ಲೋವರೂ ಉಳ್ಳ ಡ್ರೈಯರುಗಳು ಅನುಕೂಲಸ್ಥರ ಶೆಡ್ಡುಗಳಲ್ಲಿ ಕಾಣಿಸಿಕೊಂಡಿವೆ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ವಯನಾಡು ರೊಬಸ್ಟಾದ ಮರ್ಯಾದೆಯು, ಮಳೆ ಬಂದ ರಾತ್ರಿ, ಮೂರೋ ಐದೋ ಅಶ್ವಶಕ್ತಿಯ ಒಂದು ಮೋಟರಿನ ಉಸಿರನ್ನು ನೆಚ್ಚಿಕೊಂಡಿರುತ್ತದೆ.

ಆ ಮೋಟರ್ ಕಾದು ನಿಂತಾಗ ನಾವು ಮಾಡುವುದೇನು? ಸ್ಟಾರ್ಟರಿನ ಓವರ್‌ಲೋಡ್ ರಿಲೇ ಕಡಿದು ಎಚ್ಚರಿಸಿದರೆ ಕೆಂಪು ಗುಂಡಿಯನ್ನೊತ್ತಿ ಮತ್ತೆ ಓಡಿಸುತ್ತೇವೆ. ಮೂರನೆಯ ಸಲಕ್ಕೆ ರಿಲೇಯ ಮಿತಿಯನ್ನೇ ಏರಿಸಿ ಅದರ ಬಾಯಿ ಮುಚ್ಚಿಸುತ್ತೇವೆ. ವಾರ್ನಿಷ್ ಸುಟ್ಟ ವಾಸನೆ ಬಂದಮೇಲೆ ಮೋಟರನ್ನು ಜೀಪಿಗೆ ಹೇರಿ ವೈಂಡಿಂಗ್ ಅಂಗಡಿಗೆ ಒಯ್ಯುತ್ತೇವೆ. ಹೊಸ ತಾಮ್ರದ ತಂತಿ ಸುತ್ತಿಸಿಕೊಂಡು ಮೋಟರ್ ಮರಳುತ್ತದೆ; ಅದನ್ನು ಸುಟ್ಟ ಕಾರಣ ಮಾತ್ರ ಶೆಡ್ಡಿನಲ್ಲಿಯೇ ಕಾದು ಕುಳಿತಿರುತ್ತದೆ.

ನನ್ನ ಬಂಧುಗಳೊಬ್ಬರ ಕಣದಲ್ಲಿ ಹೀಗೆ ಒಂದೇ ಕೊಯ್ಲಿನಲ್ಲಿ ಎರಡು ಬಾರಿ ಸುಟ್ಟಿತು. ಮೂರನೆಯ ಬಾರಿ ಬಂದ ಮೇಸ್ತ್ರಿ ಮೊದಲು ಮಾಡಿದ ಕೆಲಸವೆಂದರೆ, ಮಳೆಹನಿ ತಾಗದಿರಲೆಂದು ಅವರು ಮೋಟರಿಗೆ ಮಮತೆಯಿಂದ ಹೊದಿಸಿದ್ದ ಗೋಣಿಚೀಲವನ್ನು ಕಿತ್ತೆಸೆದದ್ದು. ಮೈಯ ಮೇಲಿನ ಏಣುಗಳ ನಡುವೆ ಕಾಫಿಯ ಸಿಪ್ಪೆಯ ಧೂಳು ಗಟ್ಟಿಕಟ್ಟಿತ್ತು; ಹಿಂಬದಿಯ ಪುಟ್ಟ ಫ್ಯಾನಿಗೆ ಗಾಳಿಯೇ ಸಿಗುತ್ತಿರಲಿಲ್ಲ; ಸಾಲದ್ದಕ್ಕೆ ಒಲೆಯ ಗೋಡೆ ಒಂದು ಮೊಳ ದೂರದಲ್ಲಿತ್ತು. 40 ಡಿಗ್ರಿಯ ಗಾಳಿಯಲ್ಲಿ ದುಡಿಯಲೆಂದು ಲೆಕ್ಕಹಾಕಿದ ಯಂತ್ರ ಅದು. ಸುರುಳಿಯ ಶಾಖ ಪ್ರತಿ 10 ಡಿಗ್ರಿ ಏರಿದಂತೆಲ್ಲ ನಿರೋಧಕದ ಆಯುಷ್ಯ ಸುಮಾರಾಗಿ ಅರ್ಧಕ್ಕಿಳಿಯುತ್ತದೆಂಬುದು ಬಲ್ಲವರ ಸೂತ್ರ. ಕೈಯಿಟ್ಟು ನೋಡುವುದಾದರೋ ಪರೀಕ್ಷೆಯೇ ಅಲ್ಲ, ಏಕೆಂದರೆ ಆರೋಗ್ಯವಂತ ಮೋಟರಿನ ಮೈಯೂ ಕೈಗೆ ತಡೆಯಲಾರದಷ್ಟು ಬಿಸಿಯಾಗಬಹುದು.

ಕಾರಣವನ್ನು ಹೇಳಬಲ್ಲುದು, ತಂತಿಗೆ ಕಚ್ಚಿಸಿ ಆಂಪಿಯರ್ ಅಳೆಯುವ ಟಾಂಗ್ ಟೆಸ್ಟರ್. ಮೂರು ಫೇಸುಗಳಲ್ಲಿಯೂ ಆಂಪಿಯರ್ ಸಮನಾಗಿದ್ದು ಮೋಟರಿನ ಫಲಕದ ಮೇಲಿನ ಅಂಕಿಯನ್ನು ಮೀರದಿದ್ದರೆ ದೋಷವು ತಂಪಿನದೋ ಬೇರಿಂಗಿನದೋ ಆಗಿರಬೇಕು. ಒಂದು ಫೇಸು ಶೂನ್ಯವಾಗಿದ್ದರೆ ಎಲ್ಲಿಯೋ ಫ್ಯೂಸ್ ಹೋಗಿ ಉಳಿದೆರಡು ತಂತಿಗಳು ಅದರ ಭಾರವನ್ನೂ ಹೊರುತ್ತಿವೆ. ಮೂರೂ ಮೀರಿದ್ದರೆ ಭಾರ ಹೆಚ್ಚಿದೆ, ಇಲ್ಲವೇ ವೋಲ್ಟೇಜ್ ಕುಸಿದಿದೆ. ವೋಲ್ಟೇಜ್ ಶೇಕಡಾ 10 ಇಳಿದರೆ ಮೋಟರಿನ ತಿರುಗುಬಲ ಶೇಕಡಾ 19ರಷ್ಟು ಇಳಿಯುತ್ತದೆ, ಆ ಕೊರತೆಯನ್ನು ಅದು ಹೆಚ್ಚು ವಿದ್ಯುತ್ ಸೆಳೆದು ತುಂಬಿಕೊಳ್ಳುತ್ತದೆ, ಆ ಹೆಚ್ಚುವರಿ ಸೆಳೆತ ಸುರುಳಿಯನ್ನು ಕಾಯಿಸುತ್ತದೆ. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಪಂಪುಗಳೆಲ್ಲ ಒಟ್ಟಿಗೆ ಓಡುವ ಸಂಜೆ, ಲೈನಿನ ಕಟ್ಟಕಡೆಯ ಶೆಡ್ಡಿನಲ್ಲಿ ಇದು ನಿತ್ಯದ ಕಥೆ.

ಭಾರದ ವಿಷಯದಲ್ಲಿ ಒಂದು ವಿಪರ್ಯಾಸವುಂಟು. ಗಾಳಿಯ ದಾರಿ ಮುಚ್ಚಿದರೆ ಬ್ಲೋವರಿಗೆ ಶ್ರಮವೆಂದು ನಾವೆಲ್ಲ ನಂಬಿದ್ದೇವೆ. ಮುಂಬಾಗಿದ ಅಲಗುಗಳ ಬ್ಲೋವರಿನಲ್ಲಿ ನಿಜ ಇದಕ್ಕೆ ತದ್ವಿರುದ್ಧ. ಕಾಫಿಯಿಲ್ಲದ ಡ್ರೈಯರನ್ನು ಬಾಗಿಲು ತೆರೆದು ಓಡಿಸಿದಾಗಲೇ ಅದು ಅತಿ ಹೆಚ್ಚು ಗಾಳಿಯನ್ನು ದೂಡುತ್ತ ಅತಿ ಹೆಚ್ಚು ಆಂಪಿಯರ್ ನುಂಗುತ್ತದೆ. ಕೊಯ್ಲಿಗೆ ಮುಂಚೆ ಬರಿದೇ ಓಡಿಸಿ ನೋಡಿದ ಮೋಟರುಗಳು ಕೆಲಸ ಹಿಡಿಯುವ ಮೊದಲೇ ಕಾಯುವುದು ಇದರಿಂದಲೇ.

ಒದ್ದೆ ಹಣ್ಣು ರಾಶಿಯಲ್ಲಿ ಹುಳಿಯುತ್ತಿರುವಾಗ ಅಳತೆ ಮಾಡುತ್ತ ಕೂರಲು ಯಾರಿಗೆ ವ್ಯವಧಾನವೆಂದು ಕೇಳುವವರುಂಟು. ಅವರ ಸಂಕಟ ಸುಳ್ಳಲ್ಲ. ಆದಕಾರಣವೇ ನನ್ನ ಆಗ್ರಹವು ಬೆಳೆಗಾರರ ಮೇಲಲ್ಲ. ಡ್ರೈಯರ್ ಮಾರುವವರು ಆಮ್ಮೀಟರನ್ನೂ ಫೇಸು ತಪ್ಪಿದರೆ ಕಡಿಯುವ ಸಾಧನವನ್ನೂ ಜೊತೆಗೇ ಕೊಡಲಿ. ಸಹಾಯಧನ ನೀಡುವವರು ಅವಿಲ್ಲದ ಯಂತ್ರಕ್ಕೆ ಹಣ ಬಿಡದಿರಲಿ. ವೈಂಡಿಂಗ್ ಅಂಗಡಿಯವರು ತಂತಿಯ ತೂಕದೊಡನೆ ಸುಟ್ಟದ್ದೇಕೆಂಬುದನ್ನೂ ರಸೀದಿಯಲ್ಲಿ ಬರೆಯಲಿ. ಲೈನಿನ ಹೊಣೆ ಹೊತ್ತವರು ವೋಲ್ಟೇಜನ್ನು ಬೆಳಗಿನ ಹನ್ನೊಂದಕ್ಕಲ್ಲ, ಕೊಯ್ಲುಕಾಲದ ಸಂಜೆ ಏಳಕ್ಕೆ ಬಂದು ಅಳೆಯಲಿ.

ಬಂಧುಗಳ ಶೆಡ್ಡಿನ ಗೋಡೆಯ ಮೇಲೆ ಈಗ ಸೀಮೆಸುಣ್ಣದಲ್ಲಿ ಪ್ರತಿದಿನದ ಮೂರು ಆಂಪಿಯರ್ ಅಂಕಿಗಳಿರುತ್ತವೆ. ಸಂಜೆಯ ವೋಲ್ಟೇಜು ಮಾತ್ರ ಈ ವರ್ಷವೂ ಏರಲಿಲ್ಲ. ಅವರು ಒಲೆ ಹಚ್ಚುವುದು ರಾತ್ರಿ ಹತ್ತರ ಮೇಲೆ.